ಎರಡು ಬೆಳ್ಳಿ ನಾಣ್ಯ, ಒಂದು ಮಾತು

ಯೌವನಸ್ಥರ ಆರಾಧನೆ – ಸಂದೇಶದ ಬರಹ ರೂಪ
ವಾಕ್ಯಭಾಗ: ಲೂಕ 10:25–37

ಭದ್ರಾವತಿಯಿಂದ ಬೆಳಿಗ್ಗೆ ಬಸ್ ಹಿಡಿದು ಬಂದವರಿಗೆ, ಬೆಂಗಳೂರಿಂದ ರಾತ್ರಿ ಟ್ರೈನಲ್ಲಿ ಬಂದು ನಿದ್ದೆಗಣ್ಣಲ್ಲೇ ಕೂತವರಿಗೆ, ಶಿವಮೊಗ್ಗದ ಪಿಜಿ, ಹಾಸ್ಟೆಲ್‌ಗಳಿಂದ ಬಂದ ತಮ್ಮಂದಿರು ತಂಗಿಯರಿಗೆ, ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು.

ಲೂಕ 10ನೇ ಅಧ್ಯಾಯ ತೆಗೆದಿದ್ದೀರಾ? ಮೊಬೈಲಲ್ಲಿ ಓದುವವರು ನೋಟಿಫಿಕೇಶನ್ ಆಫ್ ಮಾಡ್ಕೊಳ್ಳಿ. ಒಳ್ಳೆಯ ಸಮಾರ್ಯದವನ ಕಥೆ ಸಂಡೇ ಸ್ಕೂಲಿಂದ ಕೇಳಿದ್ದೀವಿ. ಇವತ್ತು ನಾವು 35ನೇ ವಚನದ ಹತ್ತಿರ ನಿಲ್ಲೋಣ. ಅಲ್ಲಿ ಅವನು ಗಾಯಗೊಂಡವನನ್ನು ಛತ್ರಕ್ಕೆ ತಂದು, ಮಾರನೆಯ ದಿನ ಹೊರಡುವಾಗ ದುಡ್ಡು ತೆಗೆದು ಛತ್ರದವನ ಕೈಗೆ ಕೊಡ್ತಾನೆ. ಎರಡು ಬೆಳ್ಳಿ ನಾಣ್ಯ. ಆಮೇಲೆ ಒಂದು ಮಾತನ್ನೂ ಕೊಡ್ತಾನೆ: ಇನ್ನೂ ಏನಾದರೂ ಖರ್ಚಾದರೆ ತಿರುಗಿ ಬಂದಾಗ ತೀರಿಸುತ್ತೇನೆ ಅಂತ. ಗಮನಿಸಿದ್ರಾ? ಒಂದೇ ವಚನದಲ್ಲಿ ಕ್ಯಾಶೂ ಇದೆ, ಕ್ರೆಡಿಟ್ಟೂ ಇದೆ.

ಹೋದ ತಿಂಗಳು ಶುಕ್ರವಾರದ ಪ್ರಾರ್ಥನೆ ಮುಗಿದ ಮೇಲೆ ನಿಮ್ಮಲ್ಲಿ ಕೆಲವರು ಕೇಳಿದ್ರಿ: "ಪಾಸ್ಟರ್, ಕ್ಯಾಶ್ ಇಟ್ಕೊಳ್ಳೋದು ಒಳ್ಳೇದಾ, ಫೋನು ಕಾರ್ಡೇ ಸಾಕಾ? ಇದರ ಬಗ್ಗೆ ಸತ್ಯವೇದದಲ್ಲಿ ಏನಾದ್ರೂ ಇದೆಯಾ?" ನಾನು ವಾರದಲ್ಲಿ ಆರು ದಿನ ಒಂದು ಅಂಗಡಿಯ ಲೆಕ್ಕ ಬರೆಯೋನು. ಬೆಳಗಿಂದ ಸಂಜೆವರೆಗೆ ನೋಟು, ನಾಣ್ಯ, ಸ್ಕ್ಯಾನು, ಸ್ವೈಪು ಎಲ್ಲ ನನ್ನ ಮುಂದೆಯೇ ಹೋಗುತ್ತೆ. ಅದಕ್ಕೇ ಆ ಪ್ರಶ್ನೆಯನ್ನು ಪ್ರಾರ್ಥನೆಯಲ್ಲಿ ಇಟ್ಟೆ.

ಹಣದ ರೂಪ ಬದಲಾಗ್ತಾ ಬಂದಿದೆ

ಆದಿಕಾಂಡ 23ರಲ್ಲಿ ಅಬ್ರಹಾಮ ಸಾರಳ ಸಮಾಧಿಗಾಗಿ ಮಕ್ಪೇಲದ ಹೊಲ ಕೊಳ್ತಾನೆ. ಆಗ ಲೆಕ್ಕದ ನಾಣ್ಯ ಅನ್ನೋದು ಇನ್ನೂ ಬಂದಿರಲಿಲ್ಲ. ಅವನು 400 ಶೆಕೆಲ್ ಬೆಳ್ಳಿಯನ್ನು ಊರ ಬಾಗಿಲಲ್ಲಿ ಎಲ್ಲರೆದುರಿಗೆ ತೂಕ ಮಾಡಿ ಎಫ್ರೋನನಿಗೆ ಕೊಟ್ಟ. ಆಮೇಲೆ ನಾಣ್ಯ ಬಂತು, ನೋಟು ಬಂತು. ನಮ್ಮ ಜೇಬಿನ ನೋಟು ಮೈಸೂರಿನ ಮುದ್ರಣಾಲಯದಲ್ಲೇ ಅಚ್ಚಾಗಿರಬಹುದು. ಅದರ ಹಿಂದುಗಡೆ 15 ಭಾಷೆಗಳ ಸಾಲಿನಲ್ಲಿ ಕನ್ನಡವೂ ಇದೆ. 2016ರಲ್ಲಿ ಯುಪಿಐ ಬಂತು. ಅದೇ ವರ್ಷ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾಯ್ತು. ಬ್ಯಾಂಕಿನ ಮುಂದಿನ ಕ್ಯೂ ನಿಮಗೆ ನೆನಪಿರಬಹುದು, ಅಪ್ಪನ ಜೊತೆ ನಿಂತಿರ್ತೀರಿ.

ಈಗ ಧರ್ಮೋಪದೇಶಕಾಂಡ 14:24ರಿಂದ 26 ನೋಡಿ. ದಶಮಾಂಶದ ಧಾನ್ಯ, ದ್ರಾಕ್ಷಾರಸ, ಕುರಿ ಮರಿ ಎಲ್ಲಾ ತಗೊಂಡು ದೇವರು ಆರಿಸಿದ ಸ್ಥಳಕ್ಕೆ ಹೋಗಬೇಕು. ಆದರೆ ದಾರಿ ಬಹಳ ದೂರ ಇದ್ರೆ? ಅದನ್ನೆಲ್ಲ ಮಾರಿ ಬೆಳ್ಳಿ ಮಾಡ್ಕೊಂಡು, ಗಂಟು ಕಟ್ಟಿ ಹಿಡ್ಕೊಂಡು ಪ್ರಯಾಣ ಮಾಡಿ ಅಂತ ದೇವರೇ ಅನುಮತಿ ಕೊಡ್ತಾರೆ. ಪ್ರಯಾಣಿಕನ ಕಷ್ಟ ದೇವರಿಗೆ ಗೊತ್ತಿದೆ. ಹಣದ ರೂಪ ಬದಲಾಯಿಸಿಕೊಳ್ಳೋದಕ್ಕೆ ಅವರ ಅಡ್ಡಿ ಇಲ್ಲ. ರೂಪ ಯಾವುದೇ ಆದರೂ ಆ ಹಣ ತಲುಪಬೇಕಾದ ಕಡೆ ತಲುಪಬೇಕು, ಅಷ್ಟೇ. ಆಮೆನ್?

ಒಂದು ಭಯವನ್ನು ಮೊದಲು ಬಿಡೋಣ

ಇಲ್ಲಿ ಒಂದು ವಿಷಯ ಹೇಳಲೇಬೇಕು. ನಿಮ್ಮ ಮನೆಯ ವಾಟ್ಸ್ಆಪ್ ಗ್ರೂಪಿನಲ್ಲಿ ಬಂದಿರುತ್ತೆ. "ಕ್ಯುಆರ್ ಕೋಡೇ 666, ಕಾರ್ಡಿನ ಚಿಪ್ಪೇ ಮೃಗದ ಗುರುತು, ಕೂಡಲೇ ಹತ್ತು ಜನಕ್ಕೆ ಕಳಿಸಿ." ದೊಡ್ಡಮ್ಮ ಕಳಿಸಿರ್ತಾರೆ, ನೀವು ನಕ್ಕಿರ್ತೀರಿ. ನಗಬೇಡಿ. ಪ್ರಕಟನೆ 13:16–17ರಲ್ಲಿ ಆ ಗುರುತು ಇಲ್ಲದವನಿಗೆ ಕೊಳ್ಳಲಿಕ್ಕೂ ಮಾರಲಿಕ್ಕೂ ಆಗದಂಥ ಕಾಲದ ಮಾತು ನಿಜವಾಗಿಯೂ ಇದೆ. ಹಿರಿಯರ ಎಚ್ಚರಿಕೆಯ ಹಿಂದೆ ಕರ್ತನ ಮೇಲಿನ ಭಕ್ತಿ ಇದೆ.

ಆದರೆ ಆ ಅಧ್ಯಾಯವನ್ನು ಪೂರ್ತಿ ಓದಿ. ಅಲ್ಲಿನ ಪ್ರಶ್ನೆ ಆರಾಧನೆಯದು. ಯಾರ ಮುಂದೆ ಮೊಣಕಾಲೂರುತ್ತೀಯ ಅನ್ನೋದು. ತರಕಾರಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದ್ದಕ್ಕೆ ಯಾರೂ ಯೇಸುವನ್ನು ಅಲ್ಲಗಳೆದ ಹಾಗಾಗೋದಿಲ್ಲ. ಸಮಾರ್ಯದವನ ಆ ಬೆಳ್ಳಿ ನಾಣ್ಯವನ್ನೇ ತಗೊಳ್ಳಿ. ಯೇಸುವಿನ ದಿನಗಳಲ್ಲಿ ಓಡಾಡ್ತಿದ್ದ ತಿಬೇರಿಯನ ನಾಣ್ಯದ ಮೇಲೆ ಕೈಸರನ ಮುಖ ಇತ್ತು, ಅವನು ದೇವರೆನಿಸಿಕೊಂಡ ಔಗುಸ್ತನ ಮಗ ಅಂತ ಬರೆದಿತ್ತು. ಇದಕ್ಕಿಂತ ಅಪಾಯದ ಗುರುತು ಬೇಕಾ? ಆದರೂ ಮತ್ತಾಯ 22ರಲ್ಲಿ ಯೇಸು ಅದನ್ನು ತರಿಸಿ, ಎಲ್ಲರೆದುರು ತೋರಿಸಿ, ಕೈಸರನದು ಕೈಸರನಿಗೆ, ದೇವರದು ದೇವರಿಗೆ ಅಂತ ಬಿಡಿಸಿ ಹೇಳಿದರು. ಅಂಥದೇ ನಾಣ್ಯದಿಂದ ಒಬ್ಬ ಸಮಾರ್ಯದವನು ದೇವರು ಮೆಚ್ಚುವ ಕೆಲಸ ಮಾಡಿದ. ನಾಣ್ಯದ ಮೇಲೆ ಕೈಸರನ ಮುಖ ಇದ್ದರೂ, ಅದನ್ನು ಕೊಟ್ಟ ಮನುಷ್ಯನ ಮೇಲೆ ದೇವರ ಸ್ವರೂಪ ಇತ್ತು. ಹಲ್ಲೆಲೂಯಾ.

ಹಾಗಾಗಿ ಭಯ ಬಿಡಿ. ದೊಡ್ಡಮ್ಮನಿಗೂ ಪ್ರೀತಿಯಿಂದ ವಿವರಿಸಿ. ಈಗ ಆ ದಾರಿಗೆ ಹೋಗೋಣ, ಅಲ್ಲಿಂದ ಮೂರು ಪಾಠ.

1. ದಾರಿಯಲ್ಲಿ ಅವನ ಕೈಯಲ್ಲಿ ಹಣ ಇತ್ತು

ಯೆರೂಸಲೇಮಿನಿಂದ ಯೆರಿಕೋವಿಗೆ ಹತ್ತಿರ ಹತ್ತಿರ 27 ಕಿಲೋಮೀಟರ್. ನಮ್ಮ ಶಿವಮೊಗ್ಗ–ಭದ್ರಾವತಿ ದಾರಿಗಿಂತ ಸ್ವಲ್ಪ ಜಾಸ್ತಿ. ಆದರೆ ಅದು ಸಮತಟ್ಟಾದ ದಾರಿಯಲ್ಲ, ಒಂದು ಸಾವಿರ ಮೀಟರ್ ಇಳಿಯುತ್ತೆ. ಆಗುಂಬೆ ಘಾಟಿ ಇಳಿದ ಹಾಗೆ ಅಂದ್ಕೊಳ್ಳಿ, ಕಾಡು ಮಾತ್ರ ಇಲ್ಲ, ಬರೀ ಬೋಳು ಬಂಡೆ, ಕಳ್ಳರು. ಅಂಥ ದಾರಿಯಲ್ಲಿ ದುಡ್ಡು ಇಟ್ಕೊಂಡು ಹೋಗೋದೇ ಅಪಾಯ. ಸಮಾರ್ಯದವನು ಇಟ್ಕೊಂಡಿದ್ದ. ಅದಕ್ಕೇ ನಿಲ್ಲೋದಕ್ಕೆ ಸಾಧ್ಯ ಆಯ್ತು, ಛತ್ರದವನನ್ನು ಕೇಳೋದಕ್ಕೆ ಸಾಧ್ಯ ಆಯ್ತು.

ಯೌವನಸ್ಥರೇ, ಇದರಲ್ಲಿ ತೀರಾ ಸರಳವಾದ ಬುದ್ಧಿ ಇದೆ. ಆಗುಂಬೆ, ಹೊಸನಗರ ಕಡೆ ಟ್ರಿಪ್ ಹೋದಾಗ ಎಷ್ಟು ಕಡೆ ನೆಟ್‌ವರ್ಕ್ ಸಿಗುತ್ತೆ? ದಾರಿ ಪಕ್ಕದ ಹೋಟೆಲಲ್ಲಿ ತಿಂದು, ಆಮೇಲೆ ಫೋನು ಮೇಲೆತ್ತಿ ಸಿಗ್ನಲ್ ಹುಡುಕ್ತಾ ಅಂಗಳದಲ್ಲೆಲ್ಲ ಓಡಾಡಿದವರು ಇಲ್ಲೇ ಇದ್ದೀರಿ. ನಿಮ್ಮ ಆ ಹತ್ತು ನಿಮಿಷ ಹೋಟೆಲ್ ಅಕ್ಕನಿಗೂ ಹತ್ತು ನಿಮಿಷ. ಬೇರೆ ಗಿರಾಕಿ ಕಾಯ್ತಿರ್ತಾರೆ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಹೋಗುತ್ತೆ. ಇನ್ನು ಫೋನ್ ಚಾರ್ಜ್ ಮುಗಿದರೆ ಬಸ್ಸಿನ ಚಾರ್ಜೂ ಇಲ್ಲ.

ಬಸ್ಸನ್ನೇ ತಗೊಳ್ಳಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇರೋದ್ರಿಂದ ಸರ್ಕಾರಿ ಬಸ್ಸಲ್ಲಿ ತಂಗಿಯರಿಗೆ ಚಿಂತೆ ಇಲ್ಲ, ತಮ್ಮಂದಿರಿಗೆ ಇದೆ. ಬೆಳಿಗ್ಗೆ ಮೊದಲನೇ ಟ್ರಿಪ್ಪಲ್ಲಿ 500ರ ನೋಟು ಚಾಚಿದರೆ ಕಂಡಕ್ಟರ್ ಎಲ್ಲಿಂದ ಚಿಲ್ಲರೆ ತರಬೇಕು? ಟಿಕೆಟ್ ಹಿಂದೆ ಬಾಕಿ ಬರೆದುಕೊಡ್ತಾರೆ. ಇಳಿಯುವಾಗ ನಾವು ಮರೆತರೆ ಹಣ ಹೋಯ್ತು, ನೆನಪಿಟ್ಟು ಕೇಳಿದರೆ ಜಗಳ ಆಯ್ತು. ಈಗ ಕೆಎಸ್‌ಆರ್‌ಟಿಸಿ ಬಸ್ಸಲ್ಲೂ ಸ್ಕ್ಯಾನ್ ಮಾಡಬಹುದು, ಚಿಲ್ಲರೆ ಜಗಳ ತಪ್ಪಿತು, ಅದಕ್ಕೂ ಸ್ತೋತ್ರ. ಆದರೆ ಬಸ್ಸು ತುಂಬಿರುವಾಗ, ಪೇಮೆಂಟ್ ಸುತ್ತುತ್ತಾ ನಿಂತಾಗ, ನಮ್ಮ ಹಿಂದಿನ ಇಪ್ಪತ್ತು ಜನರ ಟಿಕೆಟೂ ನಿಂತಿರುತ್ತೆ. ಅದಕ್ಕೇ ಎರಡೂ ಇರಲಿ. ಜೇಬಲ್ಲಿ ಹತ್ತು, ಇಪ್ಪತ್ತು, ಐವತ್ತರ ನೋಟು ಸ್ವಲ್ಪ. ಹತ್ತು ರೂಪಾಯಿ ನಾಣ್ಯ ನಡೆಯಲ್ಲ ಅಂತ ನಮ್ಮೂರಲ್ಲಿ ಇನ್ನೂ ಹೇಳ್ತಾರೆ. ಅದರ ಹದಿನಾಲ್ಕು ವಿನ್ಯಾಸಗಳೂ ಚಲಾವಣೆಯಲ್ಲಿವೆ ಅಂತ ರಿಸರ್ವ್ ಬ್ಯಾಂಕ್ 2018ರಲ್ಲೇ ಹೇಳಿದೆ. ಕೊಟ್ಟರೆ ತಗೊಳ್ಳಿ. ನಾವು ತಗೊಂಡರೆ ತಾನೇ ಅದು ನಡೆಯೋದು?

ಕ್ಯಾಶ್ ಇಟ್ಕೊಂಡರೆ ಜೇಬುಗಳ್ಳರ ಭಯ, ನಿಜ. ಆದರೆ ಯೆರಿಕೋ ದಾರಿಯ ಕಳ್ಳರು ಈಗ ಫೋನಿನ ಒಳಗೂ ಕೂತಿದ್ದಾರೆ. ಒಂದು ಮಾತು ನೆನಪಿಡಿ, ಮನೆಯಲ್ಲಿ ಅಪ್ಪ ಅಮ್ಮನಿಗೂ ಹೇಳಿಕೊಡಿ: ಹಣ *ಬರೋದಕ್ಕೆ* ಪಿನ್ ಒತ್ತಬೇಕಾಗಿಲ್ಲ. ಪಿನ್ ಕೇಳಿತು ಅಂದ್ರೆ ಹಣ ಹೋಗ್ತಿದೆ ಅಂತ ಅರ್ಥ. ಮೋಸ ಆಯ್ತಾ? ನಾಚಿಕೆಯಿಂದ ಮುಚ್ಚಿಡಬೇಡಿ, ತಕ್ಷಣ 1930ಕ್ಕೆ ಫೋನ್ ಮಾಡಿ. ದಾರಿಯಲ್ಲಿ ಹೊಡೆಸಿಕೊಂಡು ಬಿದ್ದವನನ್ನು ಯೇಸು ಬೈಯಲಿಲ್ಲ. ನೀನ್ಯಾಕೆ ಆ ದಾರಿಯಲ್ಲಿ ಹೋದೆ ಅಂತ ಕೇಳಲೇ ಇಲ್ಲ.

2. ಅವನು ಎದುರಿಗಿದ್ದವರನ್ನು ನೋಡಿದ

ಯಾಜಕನೂ ನೋಡಿದ, ಲೇವಿಯನೂ ನೋಡಿದ. ಸಮಾರ್ಯದವನು ನೋಡಿ *ಕನಿಕರಪಟ್ಟ*. ಇದೇ ಇಡೀ ಕಥೆಯ ತಿರುವು. ನಾನು ಇವತ್ತು ನಿಮಗೆ ಹೇಳಬೇಕಾದ ಒಂದೇ ಮಾತು ಇಲ್ಲಿದೆ. ನಾವು ಯಾವಾಗಲೂ ಕೇಳೋದು, "ನನಗೆ ಯಾವುದು ಸುಲಭ?" ಅಂತ. ಪ್ರೀತಿ ಕೇಳೋದು, "ಎದುರಿಗಿರುವವರಿಗೆ ಯಾವುದು ಬೇಕು?" ಅಂತ.

ಗಾಂಧಿ ಬಜಾರ್ ಹತ್ತಿರ ಸೊಪ್ಪು ಮಾರುವ ಒಬ್ಬ ಅಜ್ಜಿ ಇದ್ದಾರೆ. ಬುಟ್ಟಿಗೆ ಕ್ಯುಆರ್ ಕೋಡ್ ಒರಗಿಸಿಟ್ಟಿದ್ದಾರೆ, ಪಕ್ಕದಲ್ಲಿ ಮಾತಾಡುವ ಡಬ್ಬಿ. "ಅಜ್ಜಿ, ಇದಕ್ಕೆ ಹಾಕ್ಲಾ?" ಅಂತ ಕೇಳಿದೆ. ಅವರು ಹೇಳಿದ್ದು: "ಹಾಕಪ್ಪ. ಅದು ಮೊಮ್ಮಗನ ಅಕೌಂಟಿಗೆ ಹೋಗುತ್ತೆ. ಡಬ್ಬಿ ಮಾತಾಡುತ್ತೆ, ನನ್ನ ಸೆರಗಲ್ಲಿ ಏನೂ ಇರಲ್ಲ." ಮೊಮ್ಮಗ ಒಳ್ಳೆಯವನೇ. ಆದರೂ ಎಲೆ ಅಡಿಕೆಗೂ, ಬಿ.ಪಿ. ಮಾತ್ರೆಗೂ ಅಜ್ಜಿ ಅವನನ್ನೇ ಕೇಳಬೇಕು. ದಿನವಿಡೀ ಬಿಸಿಲಲ್ಲಿ ಕೂತು ದುಡಿದವಳು ಸಂಜೆ ಬರಿಗೈಯಲ್ಲಿ ಏಳ್ತಾಳೆ. ಆವತ್ತು ಆ ಅಜ್ಜಿಗೆ ಬೇಕಾಗಿದ್ದದ್ದು ಇಪ್ಪತ್ತು ರೂಪಾಯಿಯ ನೋಟು.

ಹಾಗಂತ ಎಲ್ಲರಿಗೂ ಕ್ಯಾಶೇ ಕೊಡಿ ಅಂತ ನಾನು ಹೇಳಲ್ಲ. ಮನೆಗೆಲಸ ಮಾಡುವ ಒಬ್ಬ ಸಹೋದರಿ ನಮ್ಮ ಹತ್ತಿರ ಪ್ರಾರ್ಥನೆಗೆ ಬಂದವರು ಹೇಳಿದ್ದು ಇದರ ಉಲ್ಟಾ. "ಕೈಗೆ ಕೊಡಬೇಡಿ ಅಕ್ಕಾ, ಅಕೌಂಟಿಗೆ ಹಾಕಿ ಅಂತ ಕೆಲಸದ ಮನೇಲಿ ಕೇಳ್ಕೊಂಡಿದ್ದೀನಿ. ಕೈಯಲ್ಲಿದ್ರೆ ಮನೆ ಸೇರೋದರೊಳಗೆ ಯಜಮಾನ್ರು ಕಿತ್ಕೊಂಡು ಕುಡಿಯೋಕೆ ಹೋಗ್ತಾರೆ." ಅವರಿಗೆ ಅಕೌಂಟೇ ಅಡಗುದಾಣ. ಮಗಳ ಕಾಲೇಜ್ ಫೀಸು ಉಳಿಯೋದು ಅಲ್ಲೇ.

ಈ ಇಬ್ಬರಲ್ಲಿ ಯಾರಿಗೆ ಯಾವುದು ಬೇಕು ಅಂತ ನಮಗೆ ಹೇಗೆ ಗೊತ್ತಾಗುತ್ತೆ? ಕೇಳಬೇಕು. ಕುರುಡನಾದ ಬಾರ್ತಿಮಾಯ ಎದುರಿಗೆ ನಿಂತಾಗ, ಅವನಿಗೆ ಏನು ಬೇಕು ಅಂತ ಯಾರಿಗಾದರೂ ಗೊತ್ತಾಗುತ್ತಿತ್ತು. ಆದರೂ ಯೇಸು ಅವನನ್ನೇ ಕೇಳಿದರು. "ನಿಮಗೆ ಹೇಗೆ ಕೊಟ್ಟರೆ ಅನುಕೂಲ?" ಇದು ಮೂರು ನಾಲ್ಕು ಪದದ ಪ್ರಶ್ನೆ. ಈ ವಾರ ಆಟೋ ಅಣ್ಣನನ್ನು, ಹೂವಿನ ಅಕ್ಕನನ್ನು, ಪಂಚರ್ ಅಂಗಡಿಯವರನ್ನು ಕೇಳಿ ನೋಡಿ. ಪಕ್ಕದವರಿಗೆ ಹೇಳಿ: "ಕೇಳಿ ಕೊಡು." ಆಮೆನ್.

2025ರ ಜುಲೈಯಲ್ಲಿ ಏನಾಯ್ತು ಗೊತ್ತಲ್ಲ. ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಲ್ಲಿ ಬೇಕರಿ, ಟೀ ಅಂಗಡಿ, ತರಕಾರಿ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನೋ ಚೀಟಿ ಬಂತು. ಲೆಕ್ಕದವನಾಗಿ ಎರಡೂ ಕಡೆ ಹೇಳ್ತೀನಿ. ವರ್ಷಕ್ಕೆ 40 ಲಕ್ಷ ರೂಪಾಯಿಗಿಂತ ಹೆಚ್ಚು ಸರಕಿನ ವಹಿವಾಟು ಇದ್ದವರು, ಸೇವೆಯಾದರೆ 20 ಲಕ್ಷ ಮೀರಿದವರು, ಜಿಎಸ್‌ಟಿ ನೋಂದಣಿ ಮಾಡಿಸಬೇಕು, ಅದು ಕಾನೂನು. ಬಿಡಿಯಾಗಿ ಮಾರುವ ತರಕಾರಿ, ಹಾಲಿನಂಥವಕ್ಕೆ ತೆರಿಗೆಯೇ ಇಲ್ಲ. ಆದರೆ ಇದೆಲ್ಲ ಬಿಡಿಸಿ ಹೇಳುವವರು ಯಾರೂ ಇಲ್ಲದೆ, ಕಾಗದ ನೋಡಿಯೇ ಹೆದರಿದವರು ಬಹಳ. ರೋಮಾಪುರದವರಿಗೆ 13:7ರ ಪ್ರಕಾರ ತೆರಿಗೆ ಕೊಡಬೇಕಾದವರಿಗೆ ತೆರಿಗೆ ಕೊಡಬೇಕು. ವಿಶ್ವಾಸಿಯ ಅಂಗಡಿ ಲೆಕ್ಕ ಕ್ಯಾಶ್ ಪೆಟ್ಟಿಗೆಯೊಳಗೆ ಬಚ್ಚಿಟ್ಟುಕೊಳ್ಳಬಾರದು. ಆದರೆ ಕ್ಯಾಶ್ ಕೇಳಿದ ಟೀ ಅಂಗಡಿಯವರನ್ನೆಲ್ಲ ಕಳ್ಳರು ಅಂತ ನೋಡುವ ಹಕ್ಕೂ ನಮಗಿಲ್ಲ. ನಿಮ್ಮಲ್ಲಿ ಬಿ.ಕಾಂ. ಓದಿದವರಿದ್ದೀರಿ. ನಿಮ್ಮ ಬೀದಿಯ ಅಂಗಡಿಯವರ ಪಕ್ಕ ಒಂದು ಸಂಜೆ ಕೂತು ಆ ಕಾಗದ ಓದಿ ಹೇಳಿ. ಅದೂ ಗಾಯಕ್ಕೆ ಎಣ್ಣೆ ಹೊಯ್ದ ಹಾಗೆ.

ಇನ್ನೊಂದು, ಸ್ವಲ್ಪ ಚುಚ್ಚುವ ಮಾತು. ಧರ್ಮೋಪದೇಶಕಾಂಡ 24:14–15ರಲ್ಲಿ ಕೂಲಿಯವನ ಕೂಲಿಯನ್ನು ಅದೇ ದಿನ, ಸೂರ್ಯ ಮುಳುಗುವ ಮೊದಲು ಕೊಡಬೇಕು ಅಂತಿದೆ. ಯಾಕೆ? ಅವನು ಬಡವ, ಅದರ ಮೇಲೇ ಮನಸ್ಸಿಟ್ಟುಕೊಂಡಿರುತ್ತಾನೆ. ಮನೆಗೆ ಪೇಂಟ್ ಮಾಡಿದವರು, ತೋಟದಲ್ಲಿ ಅಡಿಕೆ ಸುಲಿದವರು ಸಂಜೆ ಬಾಗಿಲಲ್ಲಿ ನಿಂತಾಗ, "ಸರ್ವರ್ ಡೌನ್ ಇದೆ, ನಾಳೆ ಹಾಕ್ತೀನಿ" ಅಂದರೆ ನಮಗದು ಒಂದು ಮಾತು. ಅವರ ಮನೆಯಲ್ಲಿ ಅದು ಒಂದು ರಾತ್ರಿ. ಕೂಲಿ ಕೊಡಬೇಕಾದ ದಿನ ಬೆಳಿಗ್ಗೆಯೇ ಹಣ ತೆಗೆದಿಡಿ. ಸರ್ವರ್ ಡೌನ್ ಆಗಬಹುದು, ದೇವರ ಕಿವಿ ಡೌನ್ ಆಗಲ್ಲ. ಕೊಡದೆ ಉಳಿಸಿಕೊಂಡ ಕೂಲಿಯೇ ದೇವರಿಗೆ ಕೂಗುತ್ತದೆ ಅಂತ ಯಾಕೋಬ 5:4 ಹೇಳುತ್ತೆ.

ಯಾಜಕಕಾಂಡ 19ರಲ್ಲಿ ಹೊಲದ ಅಂಚು ಕೊಯ್ಯಬೇಡ, ಬಿದ್ದ ತೆನೆ ಆರಿಸಬೇಡ, ಅದು ಬಡವರಿಗೂ ಪರದೇಶಿಗೂ ಇರಲಿ ಅಂತ ಇದೆ. ರೂತಳು ಬದುಕಿದ್ದು ಬೋವಜನ ಹೊಲದ ಆ ಅಂಚಿನಲ್ಲಿ. ಕ್ಯಾಶಿನ ಕಾಲದಲ್ಲಿ ನಮ್ಮ ಹಣಕ್ಕೂ ಒಂದು ಅಂಚಿತ್ತು. ಉಳಿದ ಚಿಲ್ಲರೆ ಬಸ್‌ಸ್ಟ್ಯಾಂಡಿನ ಅಜ್ಜನ ತಟ್ಟೆಗೆ ಹೋಗ್ತಿತ್ತು, "ಇರಲಿ ಇಟ್ಕೊಳಿ" ಅಂತ ಹೋಟೆಲ್ ಹುಡುಗನಿಗೆ ಹೋಗ್ತಿತ್ತು. ಈಗ ಪೈಸೆ ಸಮೇತ ಸರಿಯಾಗಿ ಕೊಡ್ತೀವಿ, ಅಂಚು ಉಳಿಯೋದೇ ಇಲ್ಲ. ಸಭೆಯಲ್ಲೂ ನೋಡಿ. ಮೊದಲು ಕಾಣಿಕೆ ಚೀಲ ಬಂದಾಗ ಅಮ್ಮ ಮಗುವಿನ ಕೈಗೆ ನಾಣ್ಯ ಕೊಟ್ಟು ಹಾಕಿಸ್ತಿದ್ದರು. ಈಗ ಅಪ್ಪ ತಿಂಗಳ ಮೊದಲೇ ಫೋನಲ್ಲಿ ಕಳಿಸಿರ್ತಾರೆ, ಚೀಲ ಬಂದಾಗ ಮಗು ಅದನ್ನು ಸುಮ್ಮನೆ ಪಕ್ಕದವರಿಗೆ ದಾಟಿಸುತ್ತೆ. ಕೊಡೋದು ಅಂದರೆ ಏನು ಅಂತ ಆ ಮಗು ಎಲ್ಲಿ ನೋಡಿ ಕಲಿಯಬೇಕು? ಫೋನಲ್ಲಿ ಕಳಿಸಿ, ಒಳ್ಳೇದು, ಲೆಕ್ಕ ಸರಿಯಾಗಿರುತ್ತೆ. ಆದರೆ ಮಗುವಿನ ಕೈಗೆ ಒಂದು ನಾಣ್ಯವನ್ನೂ ಕೊಡಿ. ಬೊಕ್ಕಸದ ಎದುರು ಕೂತು ಬಡ ವಿಧವೆಯ ಎರಡು ಕಾಸನ್ನು ನೋಡಿದ ಯೇಸು ಆ ಮಗುವಿನ ನಾಣ್ಯವನ್ನೂ ನೋಡ್ತಾರೆ.

3. ಅವನು ಸಾಲದ ಮಾತು ಕೊಟ್ಟದ್ದು ಇನ್ನೊಬ್ಬನ ಗಾಯಕ್ಕೆ

ಈಗ ವಚನದ ಎರಡನೇ ಭಾಗ. ಒಂದು ಬೆಳ್ಳಿ ನಾಣ್ಯ ಒಂದು ದಿನದ ಕೂಲಿ, ಅದು ಮತ್ತಾಯ 20ರಿಂದ ಗೊತ್ತಾಗುತ್ತೆ. ಎರಡು ದಿನದ ದುಡಿಮೆಯನ್ನು ಮೊದಲು ಎಣಿಸಿ ಕೊಟ್ಟ. ಆಮೇಲೆ, ಇನ್ನೂ ಬೇಕಾದರೆ ನನ್ನ ಲೆಕ್ಕಕ್ಕೆ ಬರೆದುಕೋ, ಬಂದು ತೀರಿಸ್ತೀನಿ ಅಂದ. ಇದ್ದದ್ದನ್ನು ಮೊದಲು ಕೊಟ್ಟ, ಸಾಲದ ಮಾತು ಆಮೇಲೆ. ಅದೂ ಇನ್ನೊಬ್ಬನ ಪ್ರಾಣಕ್ಕಾಗಿ.

ನಮ್ಮ ಹಿರಿಯರ ಕಾಲದಲ್ಲೂ ಉದ್ರಿ ಇತ್ತು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಉತ್ಪಾದನೆ ಶುರುವಾದಾಗಿಂದ, ಆಮೇಲೆ ಕಾಗದದ ಕಾರ್ಖಾನೆ ಬಂದಾಗಿಂದ, ಆ ಊರಿನ ಜೀವನ ಸಂಬಳದ ದಿನದ ಸುತ್ತ ತಿರುಗ್ತಿತ್ತು. ದಿನಸಿ ಅಂಗಡಿಯಲ್ಲಿ "ಇಂದು ನಗದು, ನಾಳೆ ಸಾಲ" ಅಂತ ಬೋರ್ಡು, ಅದರ ಕೆಳಗೇ ಉದ್ರಿ ಪುಸ್ತಕ. ಆದರೆ ಆ ಪುಸ್ತಕಕ್ಕೆ ಒಂದು ಮುಖ ಇತ್ತು. ಬಾಕಿ ಜಾಸ್ತಿ ಆದರೆ ಅಂಗಡಿಯವರೇ, "ಯಾಕೋ ಈ ಸಲ ಕೈ ಬಿಗಿ ಹಿಡಿಯಪ್ಪ" ಅಂತಿದ್ದರು. 1928ರಲ್ಲಿ, ನಮ್ಮ ಕರಾವಳಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಅಂತ ಶುರು ಮಾಡಿತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಎತ್ತಿಕೊಂಡು ಹೋಗೋದು. ಇವತ್ತಿಗೂ ನಮ್ಮ ಅಂಗಡಿಗಳಿಗೆ ಪಿಗ್ಮಿಯವರು ಬರ್ತಾರೆ. ಆಗ ಮನೆಬಾಗಿಲಿಗೆ ಬಂದು *ಉಳಿಸು* ಅಂತಿದ್ದರು. ಈಗ ಫೋನಿಗೆ ಬಂದು *ಖರ್ಚು ಮಾಡು, ಆಮೇಲೆ ಕೊಡು* ಅಂತಾರೆ.

ಕಾರ್ಡಲ್ಲಿ ಕೊಟ್ಟಾಗ ಹಣ ಹೋದದ್ದು ನಮಗೆ ತಿಳಿಯೋದೇ ಇಲ್ಲ. ಇದನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ಎಂಐಟಿಯಲ್ಲಿ ಪ್ರೆಲೆಕ್ ಮತ್ತು ಸಿಮೆಸ್ಟರ್ ಅನ್ನುವವರು ಬಾಸ್ಕೆಟ್‌ಬಾಲ್ ಟಿಕೆಟ್ ಹರಾಜು ಹಾಕಿದರು, 2001ರಲ್ಲಿ ಅದನ್ನು ಪ್ರಕಟಿಸಿದರು. ಕಾರ್ಡಲ್ಲಿ ಕೊಡಬೇಕು ಅಂದವರು, ಕ್ಯಾಶಲ್ಲಿ ಕೊಡಬೇಕು ಅಂದವರಿಗಿಂತ ಹೆಚ್ಚುಕಡಿಮೆ ಎರಡರಷ್ಟು ಕೂಗಿದರು. ಟಿಕೆಟ್ ಅದೇ, ಬದಲಾದದ್ದು ಕೈ ಮಾತ್ರ.

ಲೆಕ್ಕ ಹೇಳ್ತೀನಿ, ಫೋನಲ್ಲಿ ಬರ್ಕೊಳ್ಳಿ. ಕ್ರೆಡಿಟ್ ಕಾರ್ಡಲ್ಲಿ 40,000 ರೂಪಾಯಿ ಬಾಕಿ. ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದ್ರೆ 1,400. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, 252. ನೀವು 2,000 ಕಟ್ಟಿ "ಈ ತಿಂಗಳು ಮುಗೀತು" ಅಂದ್ಕೊಂಡ್ರಿ. ಅಸಲಲ್ಲಿ ಇಳಿದದ್ದು 348 ರೂಪಾಯಿ. ಸಾಲ ತಗೊಂಡವನು ಸಾಲ ಕೊಟ್ಟವನಿಗೆ ದಾಸ ಅಂತ ಜ್ಞಾನೋಕ್ತಿ 22:7 ಹೇಳೋದು ಇದನ್ನೇ. ತಿಂಗಳ ಬಿಲ್ ಪೂರ್ತಿ ಕಟ್ಟುವ ಶಿಸ್ತು ಇದ್ದವರಿಗೆ ಕಾರ್ಡ್ ಒಂದು ಸಾಧನ. ಕನಿಷ್ಠ ಮೊತ್ತ ಮಾತ್ರ ಕಟ್ಟುವವರಿಗೆ ಅದು ಸರಪಳಿ.

ನಮ್ಮ ಒಬ್ಬ ತಮ್ಮ, ಅವನ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ, ಬೆಂಗಳೂರಲ್ಲಿ ಕೆಲಸ ಮಾಡ್ತಾನೆ. ಮೊದಲು ಫೋನಿಗೆ ಇಎಂಐ. ಆಮೇಲೆ ಗೆಳೆಯರ ಜೊತೆ ಗೋವಾ. ಕಾರ್ಡ್ ತೀರಿಸೋಕೆ ಒಂದು ಲೋನ್ ಆಪ್, ಅದನ್ನು ತೀರಿಸೋಕೆ ಇನ್ನೊಂದು. ತಿಂಗಳ ಕೊನೆಯ ವಾರ ರೂಮಲ್ಲಿ ಊಟ ಬಿಡ್ತಿದ್ದ. ಕೇಳಿದವರಿಗೆ "ಉಪವಾಸ ಪ್ರಾರ್ಥನೆಯಲ್ಲಿದ್ದೀನಿ" ಅಂತಿದ್ದ. ನಾವೆಲ್ಲ ಎಂಥ ಆತ್ಮಿಕ ಹುಡುಗ ಅಂದ್ಕೊಂಡಿದ್ವಿ. ಒಂದು ದಿನ ವಸೂಲಿಯವರ ಫೋನು ಅವನ ತಾಯಿಗೇ ಬಂತು.

ಅವನು ಬಂದು ಅತ್ತ. ಪ್ರಾರ್ಥನೆ ಮಾಡಿದ್ವಿ. ಆಮೇಲೆ ಒಂದು ಹಾಳೆ ತಗೊಂಡು ಎಲ್ಲ ಸಾಲ ಬರೆದ್ವಿ. ಬೈಕ್ ಮಾರಿದ. ಬ್ಯಾಂಕಿನ ಜೊತೆ ಮಾತಾಡಿ ಬಾಕಿಯನ್ನು ಕಂತು ಮಾಡಿಸಿಕೊಂಡ. ಹದಿನಾಲ್ಕು ತಿಂಗಳು ಹಿಡೀತು. ನಾವು ಅದ್ಭುತವನ್ನು ನಂಬುವ ಸಭೆಯವರು. 2 ಅರಸುಗಳು 4ರಲ್ಲಿ ಸಾಲಗಾರ ತನ್ನ ಇಬ್ಬರು ಮಕ್ಕಳನ್ನು ಎಳ್ಕೊಂಡು ಹೋಗ್ತಾನೆ ಅಂತ ಒಬ್ಬ ವಿಧವೆ ಎಲೀಷನ ಹತ್ತಿರ ಕೂಗಿಕೊಳ್ತಾಳೆ, ದೇವರು ಎಣ್ಣೆ ತುಂಬಿಸ್ತಾರೆ. ಆ ಎಣ್ಣೆಯಿಂದ ಮೊದಲು ಏನು ಮಾಡು ಅಂದ ಪ್ರವಾದಿ? ಮಾರಿ ಸಾಲ ತೀರಿಸು, ಉಳಿದದ್ದರಲ್ಲಿ ಬದುಕು ಅಂದ. ಅದ್ಭುತದ ಹಣವೂ ಮೊದಲು ಹೋದದ್ದು ಸಾಲಕ್ಕೆ. ಪಾತ್ರೆ ಹುಡುಕಿ ತಂದದ್ದು, ಎಣ್ಣೆ ಹೊತ್ತು ಮಾರಿದ್ದು ಅವರೇ. ಹಲ್ಲೆಲೂಯಾ.

ಈ ವಾರ ನಾವು ಮಾಡೋದು

ಎರಡನ್ನು ಮಾತ್ರ ಹೇಳ್ತೀನಿ. ಮನೆ ಬಿಡುವಾಗ ಜೇಬಲ್ಲಿ ಸ್ವಲ್ಪ ಚಿಲ್ಲರೆ ಇಟ್ಕೊಳ್ಳಿ, ಅದರಲ್ಲಿ ಒಂದು ನೋಟು ನಿಮ್ಮದಲ್ಲ, ದಾರಿಯಲ್ಲಿ ಕರ್ತನು ತೋರಿಸುವವರದು. ಮತ್ತೆ, ಹೊಟ್ಟೆಗೆ, ಬಸ್ಸಿಗೆ, ಓದಿಗೆ ಅಲ್ಲದ ಖರ್ಚನ್ನು, ಬಟ್ಟೆ, ಟ್ರಿಪ್ಪು, ಹೊರಗಿನ ಊಟ ಇಂಥದ್ದನ್ನು, ಒಂದು ತಿಂಗಳು ಕ್ಯಾಶಲ್ಲೇ ಮಾಡಿ. ಲಕೋಟೆಯಲ್ಲಿ ಹಾಕಿಡಿ, ಖಾಲಿಯಾದರೆ ಆ ತಿಂಗಳಿಗೆ ಅಷ್ಟೇ. ಕೈಗೆ ನೋವಾದಾಗ ಮನಸ್ಸು ಯೋಚಿಸುತ್ತೆ.

ಈಗ ತಲೆ ಬಗ್ಗಿಸೋಣ. ಕೀಬೋರ್ಡ್ ಬ್ರದರ್, ಮೆಲ್ಲಗೆ ನುಡಿಸಿ.

ಇಲ್ಲಿ ಯಾರಿಗೂ ಹೇಳದ ಸಾಲ ಇಟ್ಕೊಂಡು ಕೂತವರು ಇದ್ದೀರಿ. ಫೋನ್ ರಿಂಗಾದರೆ ಎದೆ ಬಡ್ಕೊಳ್ಳುತ್ತೆ. ಅಮ್ಮನಿಗೆ ಗೊತ್ತಿಲ್ಲ, ಹೆಂಡತಿಗೆ ಗೊತ್ತಿಲ್ಲ. "ನಾನಿಲ್ಲದಿದ್ರೆ ಎಲ್ಲರಿಗೂ ಒಳ್ಳೇದು" ಅನ್ನೋ ಸುಳ್ಳು ಕಿವಿಯಲ್ಲಿ ಬರ್ತಿದ್ದರೆ, ಯೇಸುವಿನ ನಾಮದಲ್ಲಿ ಕೇಳಿ, ಅದು ನಿಮ್ಮ ಕುರುಬನ ಧ್ವನಿ ಅಲ್ಲ. ನಿಮ್ಮ ಸಾಲಕ್ಕಿಂತ ನಿಮ್ಮ ಪ್ರಾಣ ದೊಡ್ಡದು. ಇವತ್ತೇ ಒಬ್ಬರಿಗೆ ಹೇಳಿ, ಮನೆಗೆ ಒಬ್ಬರೇ ಹೋಗಬೇಡಿ. ವಸೂಲಿಯ ಹೆಸರಲ್ಲಿ ಕಿರುಕುಳ ಕೊಡೋದನ್ನು ತಡೆಯಲು 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆಯೇ ಬಂತು. ದೂರು ಕೊಡೋದು ಅವಿಶ್ವಾಸ ಅಲ್ಲ. ಹಿರಿಯರು ಮುಂದೆ ನಿಂತಿದ್ದಾರೆ, ಯಾರೂ ಬೈಯೋದಿಲ್ಲ. ಹಾಳೆ, ಪೆನ್ನು ಇದೆ. ಪ್ರಾರ್ಥನೆಯೂ ಇದೆ.

ಕೊಲೊಸ್ಸೆಯವರಿಗೆ 2:14ರಲ್ಲಿ, ನಮಗೆ ವಿರೋಧವಾಗಿದ್ದ ಸಾಲಪತ್ರವನ್ನು ದೇವರು ತೆಗೆದು ಶಿಲುಬೆಗೆ ಜಡಿದುಬಿಟ್ಟರು ಅಂತ ಪೌಲ ಬರೀತಾನೆ. ನಾವು ತೀರಿಸಲಾಗದ ಸಾಲವನ್ನು ಆತನೇ ತೀರಿಸಿದ. ಬ್ಯಾಂಕಿನ ಸಾಲ ನಾವು ದುಡಿದು ತೀರಿಸೋಣ. ಆದರೆ ಆ ದುಡಿಮೆಗೆ ನಾವು ದಾಸರಾಗಿ ಹೋಗಲ್ಲ, ಬಿಡುಗಡೆಯಾದ ಮಕ್ಕಳಾಗಿ ಹೋಗ್ತೀವಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ದಾರಿಯಲ್ಲಿ ಬಿದ್ದಿದ್ದ ನಮ್ಮನ್ನು ನೋಡಿ ಕನಿಕರಪಟ್ಟು ಹತ್ತಿರ ಬಂದವರು ನೀವೇ, ಸ್ತೋತ್ರ. ನಮ್ಮ ಕೈಯ ನೋಟನ್ನೂ ಫೋನನ್ನೂ ನಿಮ್ಮ ಕೈಗೆ ಒಪ್ಪಿಸುತ್ತೇವೆ. ಕೊಳ್ಳುವಾಗ ಎದುರಿಗಿರುವ ಮುಖ ಕಾಣುವ ಕಣ್ಣು ಕೊಡಿ. ಸಾಲದಲ್ಲಿರುವ ಈ ಮಕ್ಕಳಿಗೆ ಸತ್ಯ ಹೇಳುವ ಧೈರ್ಯ ಕೊಡಿ, ದುಡಿಯುವ ಬಲ ಕೊಡಿ, ಜೊತೆಗೆ ನಿಲ್ಲುವ ಸಭೆಯನ್ನು ಕೊಡಿ. ತಿರುಗಿ ಬರ್ತೇನೆ ಅಂತ ಮಾತು ಕೊಟ್ಟವರು ನೀವು. ಬರುವಾಗ ನಮ್ಮ ಬೀದಿಯ ಬಡವರ ಕೂಲಿ ನಮ್ಮ ಮನೆಯಲ್ಲಿ ಬಾಕಿ ಉಳಿಯದಂತೆ ಮಾಡಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.

ಕರ್ತನು ನಿಮ್ಮನ್ನು ಆಶೀರ್ವದಿಸಲಿ. ಮುಂದೆ ಬರಬೇಕು ಅನ್ನಿಸಿದವರು ಬನ್ನಿ. ಭದ್ರಾವತಿಯ ಕೊನೆಯ ಬಸ್ಸಿಗೆ ಇನ್ನೂ ಸಮಯ ಇದೆ, ಅವಸರ ಮಾಡಬೇಡಿ.